ಊರಿಗೆಲ್ಲ ಪಿಂಚಣಿ ಹಂಚಿದ ಅಪ್ಪಯ್ಯ

ಅಪ್ಪಯ್ಯ ಹೋದ ಮೇಲೆ ಮಾತಾಡಿಸಲು ಬಂದವರಲ್ಲಿ ಹೆಚ್ಚಿನವರು ಹೊರಡುವ ಹೊತ್ತಿಗೆ ಅಮ್ಮನಿಗೆ ಒಂದು ಸಮಾಧಾನದ ಮಾತು ಹೇಳಿ ಏಳುತ್ತಿದ್ದರು: "ಪೋಸ್ಟಾಫೀಸಿನ ಪೆನ್ಷನ್ ಬರ್ತದಲ್ಲ, ಅದೊಂದು ಧೈರ್ಯ." ಅಮ್ಮ ಮೊದಮೊದಲು "ಇಲ್ಲ, ಅವರಿಗೆ ಪೆನ್ಷನ್ ಇರಲಿಲ್ಲ" ಎನ್ನುತ್ತಿದ್ದಳು. ಬಂದವರು ನಂಬುತ್ತಿರಲಿಲ್ಲ. ಹೇಗೆ ನಂಬುತ್ತಾರೆ? ಅವರು ಹುಟ್ಟಿದಾಗಿನಿಂದ ನಮ್ಮ ಮನೆಯ ಜಗಲಿಯಲ್ಲಿ ಭಾರತ ಸರ್ಕಾರದ ಬೋರ್ಡು ನೋಡಿದ್ದಾರೆ, ಕಂಬಕ್ಕೆ ಹೊಡೆದ ಕೆಂಪು ಡಬ್ಬಿ ನೋಡಿದ್ದಾರೆ, ಮುದ್ರೆ ಒತ್ತುತ್ತಿದ್ದ ಅಪ್ಪಯ್ಯನನ್ನು ನೋಡಿದ್ದಾರೆ. ಕೊನೆಕೊನೆಗೆ ಅಮ್ಮ ವಿವರಿಸುವುದನ್ನೇ ಬಿಟ್ಟಳು. ಹೂಂ ಅಂದು ಸುಮ್ಮನಾಗುತ್ತಿದ್ದಳು.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಆಗುಂಬೆ ಕಡೆಯ ಹಳ್ಳಿ. ಅಪ್ಪಯ್ಯ 1974ರಲ್ಲಿ ಅಲ್ಲಿನ ಬ್ರಾಂಚ್ ಪೋಸ್ಟ್ ಮಾಸ್ಟರ್ ಆಗಿ ಸೇರಿದರು, 65 ತುಂಬಿದಾಗ, 2015ರಲ್ಲಿ ಬಿಟ್ಟರು. 41 ವರ್ಷ. ಊರಿನವರ ಬಾಯಲ್ಲಿ ಅವರು 'ಪೋಸ್ಟ್ ಮಾಸ್ಟ್ರು'. ಅವರ ನಿಜವಾದ ಹೆಸರು ಗೊತ್ತಿದ್ದವರು ಊರಲ್ಲಿ ಎಷ್ಟು ಜನವೋ. ಸರ್ಕಾರದ ಕಾಗದದಲ್ಲಿ ಮಾತ್ರ ಅವರು ಮೊದಲು 'ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್ ಏಜೆಂಟ್', ಚಿಕ್ಕದಾಗಿ ಇ.ಡಿ. ಎಂದರೆ ಇಲಾಖೆಯ ಆಚೆಯವರು. 2001ರಲ್ಲಿ ಆ ಹೆಸರು ಹೋಗಿ 'ಗ್ರಾಮೀಣ ಡಾಕ್ ಸೇವಕ' ಎಂದಾಯಿತು. ಹೆಸರು ಬದಲಾದ ಸುದ್ದಿ ಬಂದ ದಿನ ಅಪ್ಪಯ್ಯನಿಗೆ ಖುಷಿಯಾಗಿತ್ತು. ಸೇವಕ ಅನ್ನುವುದರಲ್ಲಿ ಅವರಿಗೆ ಯಾವ ಕೀಳೂ ಕಾಣಲಿಲ್ಲ.

ನಮ್ಮದು ಒಬ್ಬರೇ ಇದ್ದ ಆಫೀಸು. ಬೆಳಗಿನ ಬಸ್ಸು ಬರುವ ಹೊತ್ತಿಗೆ ಅಪ್ಪಯ್ಯ ರಸ್ತೆಗೆ ಹೋಗಿ ನಿಲ್ಲಬೇಕು. ಬಸ್ಸಿನವರು ಕೊಟ್ಟ ಕ್ಯಾನ್ವಾಸ್ ಚೀಲವನ್ನು ತೆಗೆದುಕೊಂಡು, ಅದರ ಬಾಯಿಗೆ ಹಾಕಿದ ಅರಗಿನ ಸೀಲು ಸರಿ ಇದೆಯಾ ಎಂದು ಅಲ್ಲೇ ತಿರುಗಿಸಿ ನೋಡುತ್ತಿದ್ದರು. ಮನೆಗೆ ತಂದು ಬಿಚ್ಚಿ, ಕಾಗದಗಳನ್ನು ಎಣಿಸಿ, ಪುಸ್ತಕಕ್ಕೆ ಏರಿಸಿ, ಮುದ್ರೆ ಒತ್ತಿ, ಜಗಲಿಗೆ ಬಂದವರಿಗೆ ಅಲ್ಲೇ ಕೊಟ್ಟು, ಉಳಿದದ್ದನ್ನು ಮಧ್ಯಾಹ್ನ ತಾವೇ ಹೊತ್ತು ಮನೆಮನೆಗೆ ಹೋಗುತ್ತಿದ್ದರು. ಆಗುಂಬೆ ಸುತ್ತಿನಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಕಾಲುಸಂಕ ಮುಳುಗಿದರೆ ಸುತ್ತು ಹಾಕಿ ಹೋಗಬೇಕು. ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕನ್ನು ಅಮ್ಮ ತೊಳೆದು ಒಣಗಿಸಿ ಇಡುತ್ತಿದ್ದಳು, ಅದರಲ್ಲಿ ಕಾಗದ ಸುತ್ತಿ ಅಂಗಿಯ ಒಳಗೆ ಇಟ್ಟುಕೊಳ್ಳುತ್ತಿದ್ದರು. ಅಪ್ಪಯ್ಯ ನೆನೆದು ಬಂದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಕಾಗದ ನೆನೆಯಿತು ಎಂದು ಯಾರೂ ದೂರಿದ್ದು ನಾನು ಕೇಳಿಲ್ಲ.

ಬೆಳಗ್ಗೆ ಅವರು ಮೊದಲು ಮಾಡುತ್ತಿದ್ದ ಕೆಲಸ ಮುದ್ರೆಯ ತಾರೀಖು ಬದಲಿಸುವುದು. ಪುಟ್ಟ ಡಬ್ಬಿಯಿಂದ ಚಿಮುಟದಲ್ಲಿ ಅಂಕಿ ಎತ್ತಿ ಕೂರಿಸಿ, ತಿರುಪು ಬಿಗಿ ಮಾಡಿ, ರದ್ದಿ ಹಾಳೆಯ ಮೇಲೆ ಒತ್ತಿ, ಕಣ್ಣಿನ ಹತ್ತಿರ ಹಿಡಿದು ಓದುತ್ತಿದ್ದರು. "ತಾರೀಖು ತಪ್ಪಿದರೆ ಯಾರದ್ದೋ ಕೆಲಸ ತಪ್ಪುತ್ತದೆ" ಎನ್ನುವುದು ಅವರ ಮಾತು. ಇಂಟರ್‌ವ್ಯೂ ಕಾರ್ಡು ತಡವಾಗಿ ಬಂದವರು, ಕೋರ್ಟಿನ ನೋಟೀಸು ಬಂದ ದಿನವನ್ನು ಸಾಬೀತು ಮಾಡಬೇಕಾದವರು ಊರಲ್ಲಿ ಇದ್ದರು. ದೇಶದಲ್ಲಿ ಪಿನ್ ಕೋಡ್ ಜಾರಿಯಾಗಿದ್ದು 1972ರ ಆಗಸ್ಟ್ 15ಕ್ಕೆ. ಅಪ್ಪಯ್ಯ ಸೇರಿದಾಗ ಹಳ್ಳಿಯವರಿಗೆ ಅದಿನ್ನೂ ರೂಢಿಯಾಗಿರಲಿಲ್ಲ. ನಂಬರ್ ಇಲ್ಲದೆ ಬಂದ ಕಾಗದಗಳಿಗೆಲ್ಲ ಕೆಂಪು ಪೆನ್ನಿನಲ್ಲಿ ತಾವೇ ಬರೆದು, ಕೊಟ್ಟವರಿಗೂ ಓದಿ ಹೇಳಿ ಕಳಿಸುತ್ತಿದ್ದರು. ಹಾಗೆ ಹೇಳಿ ಹೇಳಿಯೇ, ಓದು ಬಾರದ ನಮ್ಮ ಪಕ್ಕದ ಮನೆಯ ಅಜ್ಜಿಗೂ ಮಗನಿದ್ದ ಮುಂಬಯಿಯ ಆರು ಅಂಕಿ ಬಾಯಿಗೆ ಬರುತ್ತಿತ್ತು.

ಆ ಅಜ್ಜಿಯ ವಿಷಯ ಹೇಳಬೇಕು. ಮಗ ಮುಂಬಯಿಯ ಹೋಟೆಲಿನಲ್ಲಿದ್ದ. ತಿಂಗಳು ತಿಂಗಳು ಮನಿ ಆರ್ಡರ್ ಬರುತ್ತಿತ್ತು. ಒಂದು ಮಳೆಗಾಲದಲ್ಲಿ ಅದು ನಿಂತಿತು. ಅಜ್ಜಿ ಚೀಲ ಬಿಚ್ಚುವ ಹೊತ್ತಿಗೆ ಬಂದು ಮೆಟ್ಟಿಲ ಮೇಲೆ ಕೂರುವುದು, ಎಲ್ಲರೂ ಹೋದ ಮೇಲೆ ಎದ್ದು ಹೋಗುವುದು. ಅಪ್ಪಯ್ಯ ಅವಳಿಗೆ ಸಮಾಧಾನ ಹೇಳಲಿಲ್ಲ, ಬೈಯಲೂ ಇಲ್ಲ. ಮಗನಿಗೆ ಒಂದು ಕಾರ್ಡು ಬರೆದರು. "ನಿಮ್ಮ ತಾಯಿಯವರು ಆರೋಗ್ಯದಿಂದಿದ್ದಾರೆ. ಇವತ್ತೂ ಬಂದು ವಿಚಾರಿಸಿ ಹೋದರು" ಎಂದಷ್ಟೇ. ಮುಂದಿನ ತಿಂಗಳು ಅದೇ ಮಾತಿನ ಇನ್ನೊಂದು ಕಾರ್ಡು. ಅದರ ಮುಂದಿನ ತಿಂಗಳು ಇನ್ನೊಂದು. ದೀಪಾವಳಿಯ ಹೊತ್ತಿಗೆ ಮನಿ ಆರ್ಡರ್ ಬಂತು. ಆ ಫಾರ್ಮಿನ ತುದಿಯಲ್ಲಿ ನಾಲ್ಕು ಮಾತು ಬರೆಯಲು ಒಂದು ಚೂರು ಜಾಗ ಇರುತ್ತಿತ್ತು, ಕೂಪನ್ ಎನ್ನುತ್ತಿದ್ದರು. ಮಗ ಬರೆದದ್ದನ್ನು ಅಪ್ಪಯ್ಯ ಅಜ್ಜಿಗೆ ಮೆಲ್ಲಗೆ ಓದಿ ಹೇಳಿ, ಕೂಪನ್ ಹರಿದು ಅವಳ ಕೈಗೇ ಕೊಟ್ಟರು. ಅದರಲ್ಲಿ ಏನಿತ್ತೆಂದು ನಾನೂ ಕೇಳಿದೆ, ಅಮ್ಮನೂ ಕೇಳಿದಳು. ಹೇಳಲಿಲ್ಲ. ಊರಿನ ಅರ್ಧ ಜನರ ಕಾಗದವನ್ನು ಓದಿ ಹೇಳಿದ, ಬರೆದುಕೊಟ್ಟ ಮನುಷ್ಯ ಅವರು. ಯಾರ ಮನೆಯ ಸಾಲ, ಯಾರ ಮನೆಯ ಜಗಳ, ಯಾವ ಹುಡುಗಿಯ ಸಂಬಂಧ ಮುರಿಯಿತು, ಎಲ್ಲ ಗೊತ್ತಿತ್ತು. ಒಂದು ಮಾತೂ ನಮ್ಮ ಮನೆಯ ಹೊಸಿಲು ದಾಟಿ ಒಳಗೆ ಬರಲಿಲ್ಲ. ಅವರಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಗೌರವಿಸುವುದು ಇದನ್ನು.

ಪಿಂಚಣಿಯ ದಿನ ನಮ್ಮ ಜಗಲಿಯಲ್ಲಿ ಜಾತ್ರೆ. ವೃದ್ಧಾಪ್ಯ ವೇತನ, ವಿಧವಾ ವೇತನ, ಅಂಗವಿಕಲರ ವೇತನ, ಆಮೇಲೆ 2007ರಲ್ಲಿ ಬಂದ ಸಂಧ್ಯಾ ಸುರಕ್ಷಾ, ಎಲ್ಲವೂ ಮನಿ ಆರ್ಡರ್ ಆಗಿ ಅಪ್ಪಯ್ಯನ ಕೈಗೆ ಬರುತ್ತಿದ್ದವು. ಮುದುಕ ಮುದುಕಿಯರು ಬೆಳಗ್ಗೆಯೇ ಬಂದು ಕೂರುತ್ತಿದ್ದರು. ಬರಲಾರದವರ ಮನೆಗೆ ಅವರೇ ಹೋಗುತ್ತಿದ್ದರು. ಹೆಬ್ಬೆಟ್ಟು ಒತ್ತುವವರ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು, ಶಾಯಿಯ ಪ್ಯಾಡಿನ ಮೇಲೆ ಬೆರಳನ್ನು ಎಡದಿಂದ ಬಲಕ್ಕೆ ಹೊರಳಿಸಿ, ಕಾಗದದ ಮೇಲೂ ಹಾಗೆಯೇ ಹೊರಳಿಸಿ ಒತ್ತಿಸುತ್ತಿದ್ದರು. ಸುಣ್ಣ, ಅಡಿಕೆ, ಕತ್ತಿಯ ಕೆಲಸದಲ್ಲಿ ಸವೆದ ಬೆರಳುಗಳು. ಗೆರೆ ಸುಲಭಕ್ಕೆ ಮೂಡುತ್ತಿರಲಿಲ್ಲ. ಮೇಜಿನ ಮೇಲೆ ಕೊಬ್ಬರಿ ಎಣ್ಣೆಯ ಒಂದು ಸಣ್ಣ ಕುಪ್ಪಿ, ಒಂದು ಹಳೆಯ ಪಂಚೆಯ ತುಂಡು ಸದಾ ಇರುತ್ತಿದ್ದವು. ಒತ್ತಿಸಿದ ಮೇಲೆ ಬಟ್ಟೆಗೆ ಎರಡು ಹನಿ ಎಣ್ಣೆ ಬಿಟ್ಟು ಆ ಬೆರಳಿನ ಶಾಯಿಯನ್ನು ತಾವೇ ಒರೆಸುತ್ತಿದ್ದರು. ಉಗುರಿನ ಸಂದಿಯಲ್ಲೂ ಒರೆಸುತ್ತಿದ್ದರು. ಆಮೇಲೆ ನೋಟು ಎಣಿಸಿ ಕೊಟ್ಟು, "ನೀವೂ ಒಂದ್ಸಲ ಎಣಿಸ್ಕಳಿ" ಎಂದು ಕಾಯುತ್ತಿದ್ದರು. ಎಣಿಸಲು ಬಾರದವರ ಎದುರು ತಾವೇ ಮತ್ತೊಮ್ಮೆ, ಒಂದೊಂದೇ ನೋಟು ನೆಲದ ಮೇಲೆ ಹಾಸಿ ಎಣಿಸಿ ತೋರಿಸುತ್ತಿದ್ದರು. ಪಿಂಚಣಿಯ ಹಣ ತಂದವರಿಗೆ ಹತ್ತಿಪ್ಪತ್ತು ರೂಪಾಯಿ ಕೊಡುವ ರೂಢಿ ಕೆಲವು ಕಡೆ ಇತ್ತು ಅಂತ ಕೇಳಿದ್ದೇನೆ. ಅಪ್ಪಯ್ಯನ ಕೈಯಲ್ಲಿ ಅದು ನಡೆಯಲಿಲ್ಲ. ಒಬ್ಬಾಕೆ ಒಂದು ಬಾಳೆಗೊನೆ ತಂದು ಇಟ್ಟಾಗ ಅದರ ಬೆಲೆಯನ್ನು ಲೆಕ್ಕ ಹಾಕಿ ಕೊಟ್ಟೇ ಕಳಿಸಿದರು.

ಹೀಗೆ ದಶಕಗಳ ಕಾಲ ಊರಿಗೆಲ್ಲ ಪಿಂಚಣಿ ಹಂಚಿದವರಿಗೆ ಸ್ವಂತದ್ದು ಇರಲಿಲ್ಲ. ಇದು ಯಾವುದೋ ಕಚೇರಿಯ ತಪ್ಪಲ್ಲ, ಯಾವುದೋ ಅಧಿಕಾರಿಯ ಕೆಟ್ಟತನವೂ ಅಲ್ಲ. ನಿಯಮವೇ ಹಾಗಿದೆ. ಸೇವಕರಿಗೆ ಪಿಂಚಣಿಯ ಹಕ್ಕಿಲ್ಲ ಎಂದು ಅವರ ಸೇವಾ ನಿಯಮ ನೇರವಾಗಿಯೇ ಹೇಳುತ್ತದೆ. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸವಿಲ್ಲ, ಜೀವನಕ್ಕೆ ಬೇರೆ ಆದಾಯ ಇರಬೇಕು, ಕೇಂದ್ರ ನೌಕರರಿಗೆ ಸಮಾನ ಎಂದು ಕೇಳಿಕೊಳ್ಳುವಂತಿಲ್ಲ, ಅಂಚೆ ಕಚೇರಿಗೆ ಜಾಗವನ್ನು ಬ್ರಾಂಚ್ ಪೋಸ್ಟ್ ಮಾಸ್ಟರೇ ಒದಗಿಸಬೇಕು ಎಂದೂ ಅದೇ ನಿಯಮಗಳಲ್ಲಿದೆ. ನಮ್ಮ ಮನೆಯ ಜಗಲಿ ಪೋಸ್ಟಾಫೀಸಾದದ್ದು ಹಾಗೆ.

ಐದು ಗಂಟೆಯ ಮಾತನ್ನು ಮೊದಲು ನೋಡೋಣ. ಪಿಂಚಣಿ ಕೊಡದಿರಲು ಹೇಳುವ ದೊಡ್ಡ ಕಾರಣ ಅದೇ: ಇದು ಅರೆಕಾಲಿಕ ಕೆಲಸ. ಕಾಗದದ ಮೇಲೆ ನಿಜ. ಆದರೆ ಮನೆಯಲ್ಲೇ ಇರುವ ಆಫೀಸಿಗೆ ಬಾಗಿಲು ಹಾಕುವ ಹೊತ್ತು ಎಲ್ಲಿದೆ? ಕೂಲಿ ಮುಗಿಸಿ ಬಂದವರು ಆರ್.ಡಿ. ಕಟ್ಟಲು ಕತ್ತಲಾದ ಮೇಲೆ ಬರುತ್ತಿದ್ದರು. ಕಾಗದ ಬರೆಸಿಕೊಳ್ಳುವವರು ಭಾನುವಾರ ಬರುತ್ತಿದ್ದರು. ಬಸ್ಸು ಕೆಟ್ಟು ಸಂಜೆ ಬಂದರೆ ಚೀಲವೂ ಸಂಜೆಯೇ, ಆ ದಿನದ ಲೆಕ್ಕ ರಾತ್ರಿಯೇ. ಲೆಕ್ಕ ಪೈಸೆಗೆ ಪೈಸೆ ಕೂಡುವವರೆಗೆ ಅಪ್ಪಯ್ಯ ಊಟಕ್ಕೆ ಏಳುತ್ತಿರಲಿಲ್ಲ. 1995ರಲ್ಲಿ ಗ್ರಾಮೀಣ ಅಂಚೆ ಜೀವ ವಿಮೆ ಬಂದ ಮೇಲೆ ಅದಕ್ಕೆ ಜನರನ್ನು ಸೇರಿಸುವ ಕೆಲಸವೂ ಅವರ ಹೆಗಲಿಗೇ ಬಂತು. ತೋಟದಲ್ಲಿ ಔಷಧಿ ಹೊಡೆಯುವ ದಿನಗಳಲ್ಲಿ ಮನೆಗೊಬ್ಬ ಗಂಡಸು ಬೇಕೇ ಬೇಕು, ಇಲ್ಲದಿದ್ದರೆ ಕೊಳೆರೋಗಕ್ಕೆ ಅಡಿಕೆ ಉದುರಿಹೋಗುತ್ತದೆ. ಅಪ್ಪಯ್ಯನಿಗೆ ಆ ದಿನಗಳಲ್ಲೂ ಚೀಲ ಕಾಯುವುದು ತಪ್ಪಲಿಲ್ಲ. 'ಬೇರೆ ಆದಾಯ' ಎಂದು ನಿಯಮ ಹೇಳುವ ನಮ್ಮ ಆ ಚೂರು ತೋಟವನ್ನು ಅಮ್ಮ ಒಬ್ಬಳೇ ನೋಡಿಕೊಂಡಳು. ಪಿಂಚಣಿಯ ಲೆಕ್ಕ ಹಾಕುವವರು ಅವಳ ದುಡಿಮೆಯನ್ನೂ ಆ ಐದು ಗಂಟೆಯ ಪಕ್ಕಕ್ಕೆ ಬರೆದುಕೊಳ್ಳಲಿ.

ನ್ಯಾಯಾಲಯಗಳು ಏನು ಹೇಳಿವೆ ಎಂಬುದೂ ತಿಳಿದಿರಬೇಕು. ಕೇರಳದಿಂದ ಹೋದ ಪಿ.ಕೆ. ರಾಜಮ್ಮ ಪ್ರಕರಣದಲ್ಲಿ 1977ರಲ್ಲಿಯೇ ಸುಪ್ರೀಂ ಕೋರ್ಟ್, ಈ ಇ.ಡಿ. ನೌಕರರದ್ದು ಸರ್ಕಾರದ ನಾಗರಿಕ ಹುದ್ದೆಯೇ, ಹೇಳದೆ ಕೇಳದೆ ತೆಗೆದುಹಾಕುವಂತಿಲ್ಲ ಎಂದಿತು. ಅಪ್ಪಯ್ಯ ಸೇರಿ ಮೂರು ವರ್ಷ ಆಗಿದ್ದಾಗ ಬಂದ ತೀರ್ಪು ಅದು. ಹುದ್ದೆ ಎಂದು ಒಪ್ಪಿದ ಮೇಲೂ ಪಿಂಚಣಿ ಮಾತ್ರ ಹತ್ತಿರ ಬರಲಿಲ್ಲ. ಸೇವಕರಾಗಿದ್ದು ಆಮೇಲೆ ಕಾಯಂ ಆದವರು ಹಳೆಯ ವರ್ಷಗಳನ್ನೂ ಪಿಂಚಣಿಗೆ ಹಿಡಿಯಿರಿ ಎಂದು ಕೇಳಿದರು. 2019ರಲ್ಲಿ ಗಂಡಿಬಾ ಬೆಹೆರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ನಿಯಮದಲ್ಲಿ ಅವಕಾಶವಿಲ್ಲ ಎಂದಿತು. ನ್ಯಾಯಾಲಯ ಇರುವ ನಿಯಮವನ್ನು ಓದುತ್ತದೆ. ನಿಯಮ ಬದಲಿಸಬೇಕಾದವರು ಸರ್ಕಾರದವರು, ಅವರನ್ನು ಕೇಳಬೇಕಾದವರು ನಾವು ಆರಿಸಿ ಕಳಿಸಿದ ಸಂಸದರು.

ಏನೂ ಆಗಿಲ್ಲ ಎಂದರೆ ತಪ್ಪಾಗುತ್ತದೆ. 2011ರಲ್ಲಿ ಸೇವೆಯಿಂದ ಬಿಡುವಾಗಿನ ಸೌಲಭ್ಯಕ್ಕೆಂದು ಒಂದು ಯೋಜನೆ ಬಂತು. ಆರಂಭದಲ್ಲಿ ಒಬ್ಬೊಬ್ಬ ಸೇವಕರ ಹೆಸರಿನಲ್ಲಿ ಇಲಾಖೆ ತಿಂಗಳಿಗೆ ಹಾಕುತ್ತಿದ್ದದ್ದು 200 ರೂಪಾಯಿ. 2018ರಲ್ಲಿ ದೇಶದಾದ್ಯಂತ ಮುಷ್ಕರವಾದ ಮೇಲೆ, ಕಮಲೇಶ್ ಚಂದ್ರ ಸಮಿತಿಯ ವರದಿಯ ಆಧಾರದಲ್ಲಿ ಭತ್ಯೆ ಹೆಚ್ಚಿತು. ಬ್ರಾಂಚ್ ಪೋಸ್ಟ್ ಮಾಸ್ಟರಿಗೆ ನಾಲ್ಕು ಗಂಟೆಗೆ 12,000, ಐದು ಗಂಟೆಗೆ 14,500 ರೂಪಾಯಿ, ಅದರ ಮೇಲೆ ತುಟ್ಟಿಭತ್ಯೆ. ಒಳ್ಳೆಯ ಹೆಜ್ಜೆಯೇ. ಅಷ್ಟರಲ್ಲಿ ಅಪ್ಪಯ್ಯ ಕೆಲಸ ಬಿಟ್ಟು ಮೂರು ವರ್ಷವಾಗಿತ್ತು. ಅವರಿಗೆ ಸಿಕ್ಕಿದ್ದು ಒಂದು ಸಣ್ಣ ಇಡಿಗಂಟು. ಅದು ಮಾಡಿನ ಹಂಚು, ರೀಪು ಬದಲಿಸುವುದರಲ್ಲಿ ಮುಗಿಯಿತು. ಆ ಮಾಡಿನ ಅಡಿಯಲ್ಲೇ ಪೋಸ್ಟಾಫೀಸು ಇದ್ದದ್ದು.

ನಾನು ಸರ್ಕಾರಿ ಶಾಲೆಯ ಶಿಕ್ಷಕಿ. ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದ ಎಲ್ಲರಂತೆ ನಾನೂ ಎನ್‌ಪಿಎಸ್‌ಗೆ ಸೇರಿದವಳು. 2022ರ ಡಿಸೆಂಬರಿನಲ್ಲಿ ಹಳೆಯ ಪಿಂಚಣಿ ಬೇಕೆಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನೌಕರರು ಧರಣಿ ಕೂತಾಗ ನಾನೂ ಹೊರಟಿದ್ದೆ. ಹಿಂದಿನ ರಾತ್ರಿ ಊರಿಗೆ ಫೋನ್ ಮಾಡಿದಾಗ ಅಪ್ಪಯ್ಯ ಎಲ್ಲವನ್ನೂ ಕೇಳಿ ತಿಳಿದುಕೊಂಡರು: ಎಷ್ಟು ಕಡಿತ, ಎಲ್ಲಿ ಹೂಡುತ್ತಾರೆ, ಕೊನೆಗೆ ಎಷ್ಟು ಬರಬಹುದು. ಆಮೇಲೆ "ಹೋಗಿ ಬಾ ಮಗಾ, ಕೇಳುವುದು ಸರಿಯೇ" ಎಂದರು. ಸ್ವಲ್ಪ ತಡೆದು, "ನಿಮ್ಮದರಲ್ಲಿ ಅಡುಗೆಯವರು, ಅಂಗನವಾಡಿಯವರು ಎಲ್ಲ ಸೇರ್ತಾರಾ?" ಅಂತ ಕೇಳಿದರು. ಇಲ್ಲ ಅಪ್ಪಯ್ಯ, ಅವರದ್ದು ಬೇರೆ ಹೋರಾಟ ಎಂದೆ. "ಹೌದಾ" ಎಂದರು. ತಮ್ಮ ವಿಷಯ ಎತ್ತಲಿಲ್ಲ.

ಆ ಪ್ರಶ್ನೆಯಲ್ಲಿ ಅವರು ಹೆಸರಿಸಿದ ಅಂಗನವಾಡಿಯವರ ಮಟ್ಟಿಗೆ ಅದೇ ವರ್ಷ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ದೊಡ್ಡ ಮಾತು ಹೇಳಿತ್ತು: ಕೊಡುವುದಕ್ಕೆ ಗೌರವಧನ ಎಂದು ಕರೆದರೂ ಅದು ಕೂಲಿಯೇ, ಅವರಿಗೂ ಗ್ರಾಚ್ಯುಟಿ ಕಾಯ್ದೆ ಅನ್ವಯಿಸುತ್ತದೆ. ಅರೆಕಾಲಿಕ, ಗೌರವಧನ, ಸೇವೆ ಎಂಬ ಹೆಸರುಗಳ ಅಡಿಯಲ್ಲಿ ಪೂರ್ತಿ ಬದುಕನ್ನೇ ದುಡಿಸಿಕೊಳ್ಳುವುದು ಸರಿಯಲ್ಲ ಎಂಬ ತಿಳಿವಳಿಕೆ ನಿಧಾನಕ್ಕೆ ಬರುತ್ತಿದೆ. ಹಳ್ಳಿಯ ಅಂಚೆಯವರ ತನಕ ಅದು ಬರಬೇಕು. ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಮೀರಿ ಅಂಚೆ ಕಚೇರಿಗಳಿವೆ, ಹತ್ತರಲ್ಲಿ ಸುಮಾರು ಒಂಬತ್ತು ಹಳ್ಳಿಗಳಲ್ಲಿವೆ. ಆ ಹಳ್ಳಿಯ ಕಚೇರಿಗಳನ್ನು ನಡೆಸುವವರು ಹೆಚ್ಚಿನಂಶ ಈ ಸೇವಕರೇ. ಭಾರತೀಯ ಅಂಚೆ ಎಂದು ನಾವು ಹೆಮ್ಮೆಯಿಂದ ಹೇಳುವುದರ ಬಹುಪಾಲು ಅವರ ಕಾಲಿನ ಮೇಲೆ ನಿಂತಿದೆ.

ಈಗ ಅಂಚೆಯಲ್ಲಿ ಕೆಲಸವೇ ಇಲ್ಲ, ಯಾರು ಕಾಗದ ಬರೆಯುತ್ತಾರೆ ಎನ್ನುವವರಿದ್ದಾರೆ. ತಂತಿ 2013ರ ಜುಲೈನಲ್ಲಿ ನಿಂತಿತು, ಕಾಗದ ಕಡಿಮೆಯಾಯಿತು, ನಿಜ. ಆದರೆ ಅಪ್ಪಯ್ಯನ ಜಾಗಕ್ಕೆ ಬಂದ ಹುಡುಗಿಯನ್ನು ನಾನು ನೋಡುತ್ತಿರುತ್ತೇನೆ. ಅವಳ ಕೈಯಲ್ಲಿ ಯಂತ್ರ ಇದೆ. 2018ರ ಸೆಪ್ಟೆಂಬರ್ 1ಕ್ಕೆ ಶುರುವಾದ ಅಂಚೆ ಪಾವತಿ ಬ್ಯಾಂಕಿನ ಖಾತೆ ತೆರೆಯುತ್ತಾಳೆ, ಆಧಾರ್ ಬೆರಳಚ್ಚು ತೆಗೆದು ಮನೆಬಾಗಿಲಲ್ಲೇ ಹಣ ಕೊಡುತ್ತಾಳೆ, ಸುಕನ್ಯಾ ಸಮೃದ್ಧಿಗೆ ಕಟ್ಟಿಸಿಕೊಳ್ಳುತ್ತಾಳೆ, ಪಾರ್ಸೆಲ್ ಹೊರುತ್ತಾಳೆ. ಸಿಗ್ನಲ್ ಸಿಗದಿದ್ದರೆ ಗುಡ್ಡ ಹತ್ತುತ್ತಾಳೆ. ಕೆಲಸದ ರೂಪ ಬದಲಾಗಿದೆ, ಭಾರ ಇಳಿದಿಲ್ಲ. ಅವಳಿಗೂ ನಿವೃತ್ತಿಯ ದಿನ ಬರುತ್ತದೆ.

ನನ್ನ ಬೇಡಿಕೆ ದೊಡ್ಡದೇನೂ ಅಲ್ಲ. ಕಾಯಂ ನೌಕರರಿಗೆ ಸಿಗುವಷ್ಟನ್ನೇ ಕೊಡಿ ಎಂದು ಕೇಳುತ್ತಿಲ್ಲ. ಕೇಂದ್ರ ಸರ್ಕಾರ 2025ರ ಏಪ್ರಿಲ್ 1ರಿಂದ ತನ್ನ ನೌಕರರಿಗೆ ಏಕೀಕೃತ ಪಿಂಚಣಿ ಯೋಜನೆ ತಂದಿದೆ. ಅದರಲ್ಲಿ ಹತ್ತು ವರ್ಷ ಸೇವೆ ಮಾಡಿದವರಿಗೆ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಇದೆ. ಅರೆಕಾಲಿಕ ಎನ್ನುವುದಾದರೆ ಅದರ ಅರ್ಧ ಕೊಡಿ. ಮೂವತ್ತು, ನಲವತ್ತು ವರ್ಷ ದುಡಿದವರಿಗೆ ಅರ್ಧ ಪಿಂಚಣಿ, ಅವರು ತೀರಿಕೊಂಡರೆ ಗಂಡನಿಗೋ ಹೆಂಡತಿಗೋ ಅದರಲ್ಲೊಂದು ಪಾಲು, ಕಾಯಿಲೆಗೆ ಒಂದು ಆರೋಗ್ಯ ಕಾರ್ಡು. 2023ರ ಡಿಸೆಂಬರಿನಲ್ಲಿ ಸೇವಕರು ಮತ್ತೆ ಮುಷ್ಕರ ಹೂಡಿದಾಗಲೂ ಕೇಳಿದ್ದರಲ್ಲಿ ಪಿಂಚಣಿ ಇತ್ತು, ಆರೋಗ್ಯದ ಸೌಲಭ್ಯ ಇತ್ತು. ಅಪ್ಪಯ್ಯನ ಹೃದಯದ ತೊಂದರೆಗೆ ಖರ್ಚಾದದ್ದು ಎರಡು ವರ್ಷದ ಅಡಿಕೆ. ಕೊನೆಯ ದಿನಗಳಲ್ಲಿ ಅವರನ್ನು ನೋವಿಗಿಂತ ಹೆಚ್ಚು ಹಿಂಸಿಸಿದ್ದು ಆ ಬಿಲ್ಲುಗಳು. ಹಾಸಿಗೆಯ ಮೇಲೂ ಒಂದೊಂದನ್ನೇ ಕೂಡಿ, ಸಾಲ ಎಷ್ಟಾಯಿತು ಎಂದು ನನ್ನ ತಮ್ಮನನ್ನು ಕೇಳುತ್ತಿದ್ದರು. ಇನ್ನೊಬ್ಬರ ದುಡ್ಡಿನ ಲೆಕ್ಕದಲ್ಲಿ ಒಂದು ಪೈಸೆ ತಪ್ಪದ ಮನುಷ್ಯ ತನ್ನ ಮಗನಿಗೆ ಸಾಲ ಬಿಟ್ಟು ಹೋಗುತ್ತಿದ್ದೇನೆ ಎಂದು ಕೊರಗುವಂತಾಗಬಾರದಿತ್ತು. ಯಾವ ಊರಿನ ಪೋಸ್ಟ್ ಮಾಸ್ಟರಿಗೂ ಆಗಬಾರದು.

ಇದನ್ನು ಓದುವವರಲ್ಲಿ ಬಹಳ ಜನರ ಊರಿನಲ್ಲಿ ಇಂಥ ಒಂದು ಜಗಲಿ ಇರುತ್ತದೆ. ನಿಮ್ಮ ಮೊದಲ ನೇಮಕಾತಿಯ ಆದೇಶ, ಅಣ್ಣನ ಮನಿ ಆರ್ಡರ್, ಅಜ್ಜಿಯ ವೇತನ ಅಲ್ಲಿಂದಲೇ ಬಂದಿರುತ್ತದೆ. ಮುಂದಿನ ಸಲ ಊರಿಗೆ ಹೋದಾಗ ಅಲ್ಲಿ ಕೂತು ದುಡಿದು ನಿವೃತ್ತರಾದವರು ಈಗ ಹೇಗಿದ್ದಾರೆ ಎಂದು ವಿಚಾರಿಸಿ. ಆಮೇಲೆ ನಿಮ್ಮ ಕ್ಷೇತ್ರದ ಸಂಸದರಿಗೆ ಒಂದು ಕಾರ್ಡು ಬರೆಯಿರಿ. ಹಳ್ಳಿಯ ಅಂಚೆಯವರಿಗೆ ಪಿಂಚಣಿ ಕೊಡಿ, ಸಂಸತ್ತಿನಲ್ಲಿ ಕೇಳಿ ಎಂಬ ಎರಡು ಸಾಲು ಸಾಕು. ಕಾರ್ಡಿನ ಬೆಲೆ ಈಗಲೂ 50 ಪೈಸೆ.